ಎರಡನೆಯ ಉಸಿರುಕೊಳವೆ

ಹವಳದ ದಿಬ್ಬಗಳ ನಡುವಿನ ಆ ಕಾಲುವೆಯಲ್ಲಿ ಈಜಬೇಕಾಗಿಲ್ಲ. ನೀರಿನ ಸೆಳೆತವೇ ಮುಳುಗುಗಾರನನ್ನು ಹೊತ್ತೊಯ್ಯುತ್ತದೆ. ಕಳೆದ ವರ್ಷ ಅಲ್ಲಿ, ಎಡಗಡೆಯ ಕೋರೆಹಲ್ಲಿಲ್ಲದ ನನ್ನ ಭಾವ ಅಂಗೈಯನ್ನು ಕುತ್ತಿಗೆಗೆ ಅಡ್ಡವಾಗಿ ಆಡಿಸಿ, ಗಾಳಿ ಮುಗಿದಿದೆಯೆಂದು ಸನ್ನೆ ಮಾಡಿದರು. ಜೊತೆಗಾರನಿಗೆಂದೇ ಇರುವ ಎರಡನೆಯ ಉಸಿರುಕೊಳವೆ ನನ್ನ ಎದೆಯ ಮೇಲಿತ್ತು. ಆದರೆ ನನ್ನ ಸಿಲಿಂಡರಿನಲ್ಲೂ ಗಾಳಿ ಕಡಿಮೆಯಿತ್ತು. ಮುಖ ತಿರುಗಿಸಿದೆ. ಭಾವ ಮೇಲೆ ಬರಲಿಲ್ಲ. ಅಕ್ಕನಿಗೆ, ‘ನಾನು ನೋಡಲೇ ಇಲ್ಲ’ ಎಂದೆ.

ಮೊನ್ನೆ ಬೆಳಿಗ್ಗೆ ಪ್ರವಾಸಿಗಳೊಂದಿಗೆ ಮತ್ತೆ ಅಲ್ಲಿಗೆ ಇಳಿದೆ. ನನ್ನ ಎಡಭುಜದ ಬಳಿ ಮಾತ್ರ ನೀರು ಬೆಚ್ಚಗಿತ್ತು. ನಾನು ಉಸಿರನ್ನು ಒಳಗೆಳೆಯುವಾಗಲೂ ಕಿವಿಯ ಪಕ್ಕದಲ್ಲಿ ಗುಳ್ಳೆಗಳು ಏರುತ್ತಿದ್ದವು. ಎಂದಿನ ಅರ್ಧ ಹೊತ್ತಿನಲ್ಲೇ ಸಿಲಿಂಡರಿನ ಗಾಳಿ ತಳ ಕಂಡಿತು.

“ಏನ್ ಗುರುವೇ, ಇಬ್ಬರ ಪಾಲು ಒಬ್ಬನೇ ಕುಡಿದ್ಯಾ?” ಎಂದು ದೋಣಿಯವನು ನಕ್ಕ. ಎರಡನೆಯ ಕೊಳವೆ ಎದೆಯ ಕ್ಲಿಪ್ಪಿನಿಂದ ಕದಲಿರಲಿಲ್ಲ.

ಮನೆಯಲ್ಲಿ ಅಕ್ಕ ಅದನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದಳು. ಹಿಂದಿನ ದಿನವಷ್ಟೇ ನಾನು ಅದಕ್ಕೆ ಹಾಕಿದ್ದ, ಕಚ್ಚಿ ಹಿಡಿಯುವ ಹೊಸ ರಬ್ಬರಿನ ಬಾಯಿತುದಿಯಲ್ಲಿ ಹಲ್ಲಿನ ಗುರುತುಗಳು ಆಳವಾಗಿ ಮೂಡಿದ್ದವು. ಅವಳ ಹೆಬ್ಬೆರಳು ಅವುಗಳ ಮೇಲೆ ಹರಿದು, ಎಡಗಡೆಯ ಒಂದು ಖಾಲಿ ಜಾಗದಲ್ಲಿ ನಿಂತಿತು.

“ಇದನ್ನ ಯಾರಿಗೆ ಕೊಟ್ಟಿದ್ದೆ ಕಣೋ?”

“ಯಾರಿಗೂ ಕೊಡಲಿಲ್ಲಕ್ಕಾ.”

ಒಂದು ವರ್ಷದಲ್ಲಿ ನಾನು ಅವಳಿಗೆ ಹೇಳಿದ ಮೊದಲ ನಿಜ ಅದು.