ಸಾಲಿನ ಮೊದಲ ಗಾಡಿ

"ಎರಡು ಜಾಗ ಅಂತ ಹಾಕ್ಲಾ?" ಎಂದು ಡೆಸ್ಮಂಡ್ ಕೇಳಿದ. ಕೇಳುವಾಗ ನನ್ನ ಮುಖ ನೋಡಲಿಲ್ಲ. ಟ್ಯಾಬ್ಲೆಟ್ಟಿನ ಮೇಲೆ ಎತ್ತಿದ ಬೆರಳು ಎತ್ತಿದಂತೆಯೇ ಇತ್ತು.

"ಗಾಡಿ ಎರಡಿದ್ರೆ ಜಾಗ ಎರಡು ತಾನೇ?" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಬೇರೇನಾದರೂ ಹೇಳಲಿ ಎಂದು ಚಳಿಗಾಲವಿಡೀ ಕಾದವಳು ನಾನೇ.

ಲಿಂಕನ್ ಊರಿನಲ್ಲಿ ನಡೆಯುವ ಮೋಟರ್‌ಹೋಮ್‌ಗಳ, ಅಂದರೆ ಒಳಗೇ ಉಂಡು ಮಲಗುವ ಗಾಡಿಗಳ, ದೊಡ್ಡ ಪ್ರದರ್ಶನಕ್ಕೆ ಜಾಗ ಕಾಯ್ದಿರಿಸಲು ಅಂದೇ ಕೊನೆಯ ದಿನ. ಮೈದಾನದ ನಕ್ಷೆ ನನ್ನ ಅಡುಗೆಮನೆಯ ಮೇಜಿನ ತುಂಬಾ ಹರಡಿತ್ತು. ಒಂದು ಮೂಲೆ ಹಾರದಂತೆ ಟೀಪಾಟ್, ಇನ್ನೊಂದಕ್ಕೆ ಶುಂಠಿ ಬಿಸ್ಕತ್ತಿನ ಡಬ್ಬ. ಅರವತ್ತು ದಾಟಿದ ಇಬ್ಬರು ಅದರ ಮೇಲೆ ಬಗ್ಗಿ, ತಲೆಗೆ ತಲೆ ತಾಗದಂತೆ ಎಚ್ಚರ ವಹಿಸುತ್ತಿದ್ದೆವು. ಈ ಎಚ್ಚರ ನೋಡಿದರೆ ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ಶುಕ್ರವಾರ ಬೆಳಿಗ್ಗೆ ಮೊದಲು ಅಲ್ಲಿನ ಅಡುಗೆ ಗ್ಯಾಸ್ ಮಳಿಗೆ," ಎಂದ ಡೆಸ್ಮಂಡ್.

"ಯಾಕೆ? ನಿನ್ನ ಗ್ಯಾಸಿಗೇನಾಗಿದೆ?"

"ಏನೂ ಆಗಿಲ್ಲ. ರೋಲಂಡ್ ಯಾವಾಗ್ಲೂ ಅಲ್ಲಿಂದಾನೇ..." ಅಲ್ಲಿಗೇ ಮಾತು ನುಂಗಿ ಬಿಸ್ಕತ್ತು ಮುರಿದ.

ರೋಲಂಡ್ ನನ್ನ ಗಂಡ, ಡೆಸ್ಮಂಡನ ಪ್ರಾಣಸ್ನೇಹಿತ. ಅವನು ಹೋಗಿ ಮೂರು ವರ್ಷ. ಡೆಸ್ಮಂಡನ ಹೆಂಡತಿ ಎನಿಡ್ ಅದಕ್ಕೂ ಮುಂಚೆಯೇ ಹೋದಳು. ಎರಡು ಗಾಡಿ, ನಾಲ್ಕು ಜನ; ಪ್ರತಿ ವಸಂತದಲ್ಲೂ ಒಟ್ಟಿಗೆ ಹೊರಡುತ್ತಿದ್ದೆವು. ಈಗ ಗಾಡಿ ಎರಡು, ಜನವೂ ಎರಡು. ಲೆಕ್ಕ ಸರಿಯಾಗಿಯೇ ಇದೆ ಎನ್ನಬೇಕು. ಆದರೆ ಸತ್ತವರು ಗಾಡಿಯಿಂದ ಇಳಿದು ಹೋಗಲಿಲ್ಲ.

ರೋಲಂಡ್ ಇದ್ದಾಗ ಗಾಡಿ ಓಡಿಸುತ್ತಿದ್ದವನು ಅವನು. ಹಿಂದಕ್ಕೆ ತೆಗೆಯುವಾಗ ಕೆಂಪು ಕೋಟು ಹಾಕಿಕೊಂಡು ಹಿಂದೆ ನಿಂತು ಕೈ ಬೀಸುತ್ತಿದ್ದವಳು ನಾನು. ನಮ್ಮವರಲ್ಲಿ ಎಲ್ಲ ಜೋಡಿಗಳದ್ದೂ ಇದೇ ಕಥೆ. ಸಂಸಾರದ ದೊಡ್ಡ ಜಗಳಗಳೆಲ್ಲ ಗಾಡಿ ಹಿಂದಕ್ಕೆ ಬರುವ ಆ ಹತ್ತು ಗಜದೊಳಗೇ ಆಗುವುದು. ಈಗ ಓಡಿಸುವವಳು ನಾನು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ. ಆದರೂ ಪ್ರತಿ ಸಲ, ಒಂದು ಕ್ಷಣ, ಕೆಂಪು ಕೋಟಿನ ಹೆಂಗಸೊಬ್ಬಳು ಕೈ ಎತ್ತಿದ ಹಾಗೆ ಕಾಣುತ್ತದೆ. ಅವಳು ನಾನೇ. ಹಾಗಾದರೆ ಸ್ಟೇರಿಂಗ್ ಹಿಡಿದು ಕೂತವರು ಯಾರು ಎಂದುಕೊಂಡರೆ ಮೈ ಜುಂ ಎನ್ನುತ್ತದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇನ್ನೊಂದು ವಿಷಯವನ್ನೂ ಹೇಳಿರಲಿಲ್ಲ. ಈ ಸಲವೂ ಡೆಸ್ಮಂಡ್ ಬಾಯಿ ಬಿಡದಿದ್ದರೆ, ಪ್ರದರ್ಶನದಲ್ಲೇ ಯಾರಾದರೊಬ್ಬ ವ್ಯಾಪಾರಿಗೆ ಗಾಡಿ ಮಾರಿ ರೈಲಿನಲ್ಲಿ ಮನೆಗೆ ಬಂದುಬಿಡುವುದೆಂದು ನಿಶ್ಚಯಿಸಿದ್ದೆ. ಗಾಡಿ ಇಲ್ಲದಿದ್ದರೆ ನಕ್ಷೆ ಇಲ್ಲ, ನಕ್ಷೆ ಇಲ್ಲದಿದ್ದರೆ ಡೆಸ್ಮಂಡ್ ನನ್ನ ಅಡುಗೆಮನೆಗೆ ಬರಲು ನೆಪವಿಲ್ಲ. ಪಕ್ಕದಲ್ಲೇ ಇದ್ದೂ ಕೈಗೆ ಸಿಗದವನನ್ನು ಪ್ರೀತಿಸುತ್ತಾ ಕೂರಲು ನನಗೇನು ಹದಿನಾರೇ?

"ಹೋದ ವರ್ಷದ ಹಾಗೆ ಆಗಬಾರ್ದಪ್ಪ," ಎಂದೆ, ಚಹಾ ಬಗ್ಗಿಸುತ್ತಾ.

ಅವನ ಕಿವಿ ಕೆಂಪಗಾಯಿತು.

ಪ್ರದರ್ಶನದ ಮೈದಾನದಲ್ಲಿ ಅಕ್ಕಪಕ್ಕ ಜಾಗ ಬೇಕಿದ್ದರೆ ಗೇಟಿಗೆ ಒಟ್ಟಿಗೇ ಬರಬೇಕು, ಒಂದರ ಬಾಲ ಒಂದು ಹಿಡಿದು. ಅದಕ್ಕೇ ಹೆದ್ದಾರಿ ಬದಿಯ ಚಹಾ ಗಾಡಿಯ ಹತ್ತಿರ ಸೇರಿ ಸಾಲಾಗಿ ಹೊರಡುತ್ತೇವೆ. ಸಾಲಿನ ಮೊದಲ ಗಾಡಿ ಯಾವತ್ತೂ ರೋಲಂಡನದ್ದು. ಹೋದ ವರ್ಷ ನಾವಿಬ್ಬರೂ ಅಲ್ಲಿ ಸೇರಿದೆವು, ಚಹಾ ಕುಡಿದೆವು, ಎಂಜಿನ್ ಚಾಲೂ ಮಾಡಿದೆವು. ಅವನು ಹೊರಡಲೆಂದು ನಾನು ಕೂತೆ, ನಾನು ಹೊರಡಲೆಂದು ಅವನು ಕೂತ. ಎಷ್ಟು ಹೊತ್ತೋ! ಕೊನೆಗೆ ಚಹಾ ಮಾರುವವಳೇ ಬಂದು ನನ್ನ ಕಿಟಕಿ ತಟ್ಟಿದಳು. "ಯಾರಿಗಮ್ಮಾ ಕಾಯ್ತಿದ್ದೀರಿ? ಇನ್ನೊಬ್ರು ಬರೋದಿದ್ಯಾ?"

ತಿರುಗಿ ನೋಡಿದರೆ ಡೆಸ್ಮಂಡ್ ಗಾಜಿನ ಹಿಂದೆ ಬಿಳಿಚಿಕೊಂಡು ಕೂತಿದ್ದ. ನಮ್ಮಿಬ್ಬರ ಮುಂದೆ ಒಂದು ಗಾಡಿಯಷ್ಟು ಜಾಗ ಖಾಲಿ ಬಿಟ್ಟಿದ್ದೆವು. ಇಬ್ಬರೂ ಬಿಟ್ಟಿದ್ದೆವು, ಮಾತಾಡಿಕೊಳ್ಳದೆ. ಆಮೇಲೆ ತಡವಾಗಿ ಹೋದದ್ದಕ್ಕೆ ಗಾಡಿಗಳ ಶೌಚದ ತೊಟ್ಟಿ ಖಾಲಿ ಮಾಡುವ ಮೂಲೆಯಲ್ಲಿ ಜಾಗ ಸಿಕ್ಕಿತು. ಅದರ ವಾಸನೆ ಈಗಲೂ ಮೂಗಲ್ಲಿದೆ.

"ಈ ಸಲ ನೀನೇ ಮುಂದೆ ಹೋಗು," ಎಂದ ಡೆಸ್ಮಂಡ್.

"ನೀನು ಹೋಗು. ಗಂಡಸು ತಾನೇ?"

"ನನ್ನ ಕೈಲಾಗಲ್ಲ ಗ್ವೆಂಡಾ."

ಆ ದನಿ ಕೇಳಿ ನಾನು ಟೀಪಾಟ್ ಕೆಳಗಿಟ್ಟೆ. ಅವನು ಈಗ ನನ್ನನ್ನು ನೋಡುತ್ತಿದ್ದ. ಬೂದು ಕಣ್ಣು, ರೆಪ್ಪೆ ಬಡಿಯದ ನೋಟ. ಮಧ್ಯಾಹ್ನದ ಬಿಸಿಲು ಅವನ ಅರ್ಧ ಮುಖದ ಮೇಲಿತ್ತು.

"ವಾಕಿಟಾಕಿ ಇತ್ತಲ್ಲ," ಎಂದ, "ಗಾಡಿಯಿಂದ ಗಾಡಿಗೆ ನಾನೂ ರೋಲಂಡೂ ಮಾತಾಡ್ತಿದ್ವಲ್ಲ. ನಂದು ಈಗ್ಲೂ ಗಾಡೀಲಿದೆ. ಹೊರಟಾಗಲೆಲ್ಲ ಹಾಕ್ತೀನಿ."

"ಹಾಕಿ?"

"ಬರೀ ಸುಯ್ ಅನ್ನುತ್ತೆ. ಆದ್ರೂ ಅವನನ್ನ ಕೇಳ್ತೀನಿ. ಒಂದೇ ಪ್ರಶ್ನೆ, ಮೂರು ವರ್ಷದಿಂದ."

ನಾನು ಕುರ್ಚಿ ಹತ್ತಿರ ಎಳೆದುಕೊಂಡೆ.

"ನಿನ್ನ ವಿಷಯ ಕಣೆ," ಎಂದ. "ಅವನ ಹೆಂಡ್ತಿ ನೀನು. ಅವನನ್ನ ಕೇಳ್ದೆ ನಿನ್ನ ಹೇಗೆ ಕೇಳ್ಲಿ?"

ನಾನು ನಕ್ಕೆ. ನಗುತ್ತಲೇ ಕಣ್ಣು ತುಂಬಿತು. "ಅಯ್ಯೋ ಪೆದ್ದ! ಬದುಕಿದ್ದಾಗ್ಲೇ ಆ ಮನುಷ್ಯ ಕೇಳಿದ್ದಕ್ಕೆ ಒಂದು ದಿನ ನೆಟ್ಟಗೆ ಉತ್ತರ ಕೊಟ್ಟವನಲ್ಲ. ಈಗ ಕೊಡ್ತಾನಾ?"

"ಸುಯ್ ಅನ್ನೋದು ಕೆಲವು ಸಲ ಅವನ ಉಸಿರಿನ ಹಾಗೇ ಇರುತ್ತೆ."

ನಗು ನಿಂತಿತು. ಆ ಉಸಿರು ನನಗೆ ಚೆನ್ನಾಗಿ ಗೊತ್ತು. ನಾನು ಕೆಂಪು ಕೋಟಿನವಳ ಕಥೆಯನ್ನು ಅವನಿಗೆ ಹೇಳಿದೆ, ಏನೂ ಮುಚ್ಚಿಡದೆ. ಅವನು ಆಶ್ಚರ್ಯಪಡಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟ. ಅಂಗೈ ಒರಟು, ಬೆಚ್ಚಗೆ. ಇಷ್ಟು ಸಣ್ಣ ಕೆಲಸಕ್ಕೆ ನಾವು ಮೂರು ವರ್ಷ ತಗೊಂಡೆವು.

"ನನ್ನನ್ನೇ ಕೇಳು," ಎಂದೆ. "ಕೇಳಬೇಕಾದವಳು ಇಲ್ಲೇ ಕೂತಿದ್ದೀನಿ."

"ನನ್ನ ಜೊತೆ ಇರ್ತೀಯಾ, ಗ್ವೆಂಡಾ?"

"ಇರ್ತೀನಿ. ಇಷ್ಟು ತಡ ಮಾಡಿದ್ದಕ್ಕೆ ಬೈತಾನೂ ಇರ್ತೀನಿ."

ಅವನ ಮುಖ ಅರಳಿತು. ಟ್ಯಾಬ್ಲೆಟ್ ಹತ್ತಿರ ಎಳೆದುಕೊಂಡ. "ಹಾಗಾದ್ರೆ ಒಂದೇ ಜಾಗ ಹಾಕ್ತೀನಿ. ನಿನ್ನ ಗಾಡೀಲಿ ಹೋಗೋಣ್ವಾ?"

ನನ್ನ ಗಾಡಿಯ ಚಾಲಕನ ಸೀಟು ಕಣ್ಮುಂದೆ ಬಂತು. ಬೇಡವೆಂದು ತಲೆಯಾಡಿಸಿದೆ. "ನಿಂದು?"

ಈಗ ಅವನು ತಲೆ ತಗ್ಗಿಸಿದ. ಗಾಡಿ ನಿಂತಾಗ ಚಾಲಕನ ಪಕ್ಕದ ಸೀಟನ್ನು ಒಳಕ್ಕೆ ತಿರುಗಿಸಿ ಕೂರುತ್ತೇವಲ್ಲ, ಎನಿಡ್ ಕೊನೆಯ ಸಲ ಚಹಾ ಕುಡಿಯಲು ತಿರುಗಿಸಿಕೊಂಡಿದ್ದಳಂತೆ. ಅವನು ಅದನ್ನು ಇವತ್ತಿನವರೆಗೂ ಮುಂದಕ್ಕೆ ತಿರುಗಿಸಿಲ್ಲ. ರಸ್ತೆಗೆ ಬೆನ್ನು ಮಾಡಿದ ಆ ಖಾಲಿ ಸೀಟಿನ ಜೊತೆಗೇ ಊರೂರು ಸುತ್ತಿದ್ದಾನೆ.

"ಎರಡೂ ತುಂಬಿದ್ದಾವೆ," ಎಂದೆ.

"ಮತ್ತೆ?"

"ಎರಡು ಜಾಗವೇ ಹಾಕು. ಎರಡೂ ಗಾಡಿ ತಗೊಂಡು ಹೋಗೋಣ. ಅಲ್ಲಿ ಎರಡನ್ನೂ ಕೊಟ್ಟು ಒಂದು ಹೊಸದು ತಗೊಳ್ಳೋಣ. ಮೈದಾನದ ತುಂಬಾ ನಿಂತಿರ್ತಾವಲ್ಲ, ಸಾವು ಕಾಣದ ಗಾಡಿಗಳು."

ಅವನು ನಕ್ಷೆಯ ಅಂಚನ್ನು ಬೆರಳಿನಿಂದ ಸವರತೊಡಗಿದ. ಎನಿಡಳನ್ನು ಕೇಳುತ್ತಿದ್ದನೋ ಏನೋ. ನಾನು ಅವಸರ ಮಾಡಲಿಲ್ಲ. ನನಗೂ ನೋಯುತ್ತಿತ್ತು, ರೋಲಂಡನನ್ನು ಅಪರಿಚಿತ ಮೈದಾನದಲ್ಲಿ ಇಳಿಸಿ ಬರುವುದು ಸುಲಭವಲ್ಲ. ಕೊನೆಗೆ ಡೆಸ್ಮಂಡ್ ಪರದೆ ಒತ್ತಿದ. ಎರಡು ಜಾಗ ಗಟ್ಟಿಯಾಯಿತು.

"ಒಂದು ಗೊತ್ತಿರಲಿ," ಎಂದೆ. "ಆ ಹೊಸ ಗಾಡೀಲೂ ಒಂದಿನ ನಮ್ಮಲ್ಲೊಬ್ರು ದೆವ್ವವಾಗಿ ಇನ್ನೊಬ್ರನ್ನ ಕಾಡ್ತೀವಿ."

"ಗೊತ್ತು," ಎಂದ, ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದು. "ನೀನಾದ್ರೆ ಮಾತಾಡು ಮಾರಾಯ್ತಿ. ಅವನ ಹಾಗೆ ಸುಮ್ಮನಿರ್ಬೇಡ."