ಪೊರಕೆಯ ಮಾಳಿ ಮತ್ತು ಒಂದೇ ಮಾತು ಬಲ್ಲ ರಕ್ಕಸ

ಬಲು ಹಿಂದೆ, ಆಕಾಶ ಇನ್ನೂ ಬೆಟ್ಟಗಳ ತಲೆಗೆ ತಾಗುವಷ್ಟು ತಗ್ಗಿನಲ್ಲಿದ್ದ ಕಾಲದಲ್ಲಿ, ತುಂಬೆಗಿರಿ ಎಂಬ ರಾಜ್ಯವಿತ್ತು. ಅದನ್ನು ಶಾಂತವರ್ಮ ಎಂಬ ದೊರೆ ಆಳುತ್ತಿದ್ದ. ಊರ ನಡುವೆ ಸುವ್ವಿ ಎಂಬ ಹೊಳೆ ಹರಿಯುತ್ತಿತ್ತು. ಹೊಳೆಯ ದಂಡೆಯಲ್ಲಿ ದುಗ್ಗಪ್ಪನೂ ಅವನ ಮಗಳು ಮಾಳಿಯೂ ಪೊರಕೆ ಕಟ್ಟಿ ಬದುಕುತ್ತಿದ್ದರು. ಅರಮನೆಯ ಅಂಗಳ ಗುಡಿಸುವುದೂ ಅವರ ಪೊರಕೆಯೇ, ಗುಡಿಸಲಿನ ಅಂಗಳ ಗುಡಿಸುವುದೂ ಅವರ ಪೊರಕೆಯೇ. ಮಾಳಿ ಕಟ್ಟಿದ ಪೊರಕೆಯ ಹುಲ್ಲು ಸವೆಯುತ್ತಿತ್ತೇ ಹೊರತು ಗಂಟು ಸಡಿಲುತ್ತಿರಲಿಲ್ಲ.

ಒಂದು ದಿನ ಪಾಶಾಂಗ ಎಂಬ ಮಾಂತ್ರಿಕ ಆ ಊರಿಗೆ ಬಂದ. ಅವನ ಹಿಂದೆ ತೆಂಗಿನ ಮರದಷ್ಟು ಎತ್ತರದ ಒಬ್ಬ ರಕ್ಕಸ ಬಂದ. ರಕ್ಕಸನ ತಲೆಯಿಂದ ಹಗ್ಗದಂತಹ ಜಡೆಗಳು ಜೋಲುತ್ತಿದ್ದವು. ಅವು ಹಾವಿನಂತೆ ಹರಿದು ಎಷ್ಟು ದೂರ ಬೇಕಾದರೂ ಬೆಳೆಯುತ್ತಿದ್ದವು. ಜನ ಅವನನ್ನು ಜಡೆರಕ್ಕಸ ಎಂದು ಕರೆದರು. ಅವನಿಗೆ ಮಾತು ಬಾರದು. ಕಿವಿ ಕೇಳುತ್ತಿತ್ತು, ಆದರೆ ಆ ಕಿವಿಗೆ ಅರ್ಥವಾಗುತ್ತಿದ್ದದ್ದು ಒಂದೇ ಮಾತು. ಅದನ್ನು ಪಾಶಾಂಗ ಅವನಿಗೆ ಚಿಕ್ಕಂದಿನಲ್ಲೇ ಚಾಟಿಯಿಂದ ಹೊಡೆದು ಹೊಡೆದು ಕಲಿಸಿದ್ದ.

ಪಾಶಾಂಗ ನೆಟ್ಟಗೆ ಒಡ್ಡೋಲಗಕ್ಕೆ ನಡೆದು, ಸಿಂಹಾಸನ ಬಿಟ್ಟುಕೊಡು ಎಂದ. ದೊರೆ ಆಗದು ಎಂದ. ಮಾಂತ್ರಿಕ ದೊರೆಯತ್ತ ಬೆರಳು ಚಾಚಿ ಒಂದೇ ಮಾತು ನುಡಿದ.

"ಕಟ್ಟು."

ಒಂದು ಜಡೆ ಹಾರಿಬಂದು ದೊರೆಯನ್ನು ಕಂಬಕ್ಕೆ ಬಿಗಿಯಿತು. ಸೇನಾಪತಿ ಕತ್ತಿ ಹಿರಿದ. ಪಾಶಾಂಗನ ಬೆರಳು ಅತ್ತ ತಿರುಗಿತು, ಸೇನಾಪತಿಯೂ ಕಂಬ ಸೇರಿದ. ಕೊನೆಗೆ ಪಾಶಾಂಗ ಕೋಟೆಯ ಮೇಲೆ ಹತ್ತಿ, ಬೆಟ್ಟದ ಸಂದಿಯಲ್ಲಿ ಹರಿದುಬರುವ ಸುವ್ವಿಯನ್ನು ತೋರಿಸಿದ. ಜಡೆಗಳು ಹೊಳೆಯನ್ನೂ ಸುತ್ತಿದವು. ಅದು ಗಂಟುಬಿದ್ದ ಸೀರೆಯಂತೆ ಬೆಟ್ಟದ ಹಿಂದೆಯೇ ನಿಂತುಬಿಟ್ಟಿತು. ಕಟ್ಟಿದ ಮೇಲೆ ಜಡೆ ರಕ್ಕಸನ ತಲೆಯಿಂದ ಕಳಚಿ ಅಲ್ಲೇ ಉಳಿಯುತ್ತಿತ್ತು. ಅದನ್ನು ಕತ್ತಿ ಕಡಿಯದು, ಬೆಂಕಿ ಸುಡದು.

ಆಸ್ಥಾನದ ಪಂಡಿತರು ರಕ್ಕಸನ ಬಳಿ ಹೋಗಿ ತಮಗೆ ತಿಳಿದ ಮಾತುಗಳನ್ನೆಲ್ಲ ಹೇಳಿ ನೋಡಿದರು. ಬಿಚ್ಚು ಎಂದರು, ಬಿಡಿಸು ಎಂದರು, ಸಡಿಲಿಸು, ಕಳಚು, ವಿಮೋಚಿಸು ಎಂದರು. ರಕ್ಕಸ ಅವರ ಬಾಯಿಯನ್ನೇ ನೋಡುತ್ತ ಕುಳಿತ. ಒಂದೂ ಅವನಿಗೆ ತಿಳಿಯಲಿಲ್ಲ.

ಆ ವಾರ ದುಗ್ಗಪ್ಪ ಎಂದಿನಂತೆ ಅರಮನೆಗೆ ಪೊರಕೆ ಒಯ್ದಿದ್ದ. ಹೊಸ ಒಡೆಯನ ಹಾದಿ ಗುಡಿಸು ಎಂದು ಪಾಶಾಂಗ ಹೇಳಿದ. ತಾನು ಶಾಂತವರ್ಮ ದೊರೆಯ ಅಂಗಳ ಗುಡಿಸುವವನು ಎಂದು ದುಗ್ಗಪ್ಪ ಮೆಲ್ಲಗೆ ಹೇಳಿ ಪೊರಕೆಯನ್ನು ಕೆಳಗಿಟ್ಟ. ಅವನನ್ನು ಅರಮನೆಯ ಮುಂದಿನ ಹುಣಸೆ ಮರಕ್ಕೆ ಕಟ್ಟಿಸಲಾಯಿತು.

ಮಾಳಿ ಓಡಿಬಂದಳು. ಗಂಟುಗಳ ಗುಟ್ಟು ಬಲ್ಲ ಬೆರಳು ಅವಳವು. ಅರ್ಧ ದಿನ ಆ ಜಡೆಯನ್ನು ತಡವಿ ತಡವಿ ತುದಿ ಹುಡುಕಿದಳು. ಉಗುರು ಕಿತ್ತುಬಂತು, ತುದಿ ಸಿಗಲಿಲ್ಲ.

"ಮನೆಗೆ ಹೋಗು ಮಗಾ," ಎಂದ ದುಗ್ಗಪ್ಪ. "ಇದಕ್ಕೆ ತುದಿಯೇ ಇಲ್ಲ."

"ತುದಿ ಇಲ್ಲದಿದ್ದರೇನು ಅಪ್ಪಯ್ಯ, ಕಟ್ಟಿದವನು ಇದ್ದಾನಲ್ಲ," ಎಂದಳು ಮಾಳಿ.

ಅವಳು ಕೋಟೆಯ ಬಾಗಿಲಿಗೆ ಹೋದಳು. ಅಲ್ಲಿ ಜಡೆರಕ್ಕಸ ಒಬ್ಬನೇ ಕುಳಿತಿದ್ದ. ಅವನ ಹೆಬ್ಬೆರಳು ಅವಳಷ್ಟು ಎತ್ತರವಿತ್ತು. ಸುಮ್ಮನೆ ನಿಂತರೆ ಓಡಿಹೋಗುತ್ತೇನೆಂದು ಹೆದರಿ, ಸೆರಗನ್ನು ಸೊಂಟಕ್ಕೆ ಕಟ್ಟಿ, ಹುಲ್ಲಿನ ಹೊರೆ ಬಿಚ್ಚಿ ಕುಳಿತು ಪೊರಕೆ ಕಟ್ಟತೊಡಗಿದಳು. ಒಂದು ಕಟ್ಟಿದಳು, ಎರಡು ಕಟ್ಟಿದಳು. ತಲೆಯೆತ್ತಿದಾಗ ರಕ್ಕಸ ನೆಲಕ್ಕೆ ಗಲ್ಲವೂರಿ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಮಾಳಿ ಮೂರನೆಯ ಹುಲ್ಲಿನ ಹಿಡಿಯನ್ನು ಅವನ ಮುಂದೆ ಚಾಚಿದಳು.

"ಕಟ್ಟು," ಎಂದಳು.

ರಕ್ಕಸ ಬೆಚ್ಚಿ ಸುತ್ತಮುತ್ತ ನೋಡಿದ, ಯಾರನ್ನು ಕಟ್ಟಬೇಕೋ ಎಂಬಂತೆ. ಯಾರೂ ಇರಲಿಲ್ಲ. ಆಮೇಲೆ ಒಂದು ಎಳೆ ಜಡೆ ಹಗುರವಾಗಿ ಬಂದು ಹುಲ್ಲನ್ನು ಸುತ್ತಿತು. ಪೊರಕೆಯಾಯಿತು. ಅವನು ಅದುವರೆಗೆ ಕಟ್ಟಿದ್ದೆಲ್ಲ ಅತ್ತಿತ್ತು, ಇಲ್ಲವೆ ಶಪಿಸಿತ್ತು. ಇದು ಸುಮ್ಮನೆ ಅಂಗೈಯಲ್ಲಿ ಕುಳಿತಿತ್ತು. ರಕ್ಕಸ ಎರಡು ಬೆರಳಿನಲ್ಲಿ ಪೊರಕೆ ಹಿಡಿದು ಕೋಟೆಯ ಮುಂದೆ ಒಂದು ಸಲ ಬೀಸಿದ. ಧೂಳು ಮುಗಿಲು ಮುಟ್ಟಿತು.

ಪಾಶಾಂಗ ಕೆಮ್ಮುತ್ತ ಹೊರಗೆ ಬಂದ. ನಡೆದದ್ದನ್ನು ಕೇಳಿ ಅವನಿಗೆ ನಗು ಬಂತು. ಮಾಳಿ ಅಪ್ಪನನ್ನು ಬಿಡಬೇಕೆಂದು ಬೇಡಿದಳು. ಧೂಳು ಕಂಡು ನೆರೆದಿದ್ದ ಜನರೆದುರು ತನ್ನ ಹಿರಿಮೆ ಮೆರೆಸಲು ಅವನಿಗೂ ಒಂದು ಆಟ ಬೇಕಿತ್ತು.

"ನನ್ನ ಆಳಿಗೆ ಗೊತ್ತಿರುವುದು ಒಂದೇ ಮಾತು," ಎಂದ. "ಆ ಒಂದೇ ಮಾತಿನಿಂದ ಅವನ ಕೈಲಿ ಮೂರು ಕೆಲಸ ಮಾಡಿಸು. ಒಂದಕ್ಕೆ ಒಂದು ದಿನ. ಗೆದ್ದರೆ ನಿನ್ನಪ್ಪನನ್ನು ಬಿಡುತ್ತೇನೆ. ಸೋತರೆ ಅವನ ಪಕ್ಕದ ಕೊಂಬೆ ನಿನಗೆ."

ಮಾಳಿ ಒಪ್ಪಿದಳು.

ಮೊದಲ ದಿನ ಪಾಶಾಂಗ ಅವಳನ್ನು ತಳ ಕಾಣದ ಕಮರಿಯ ಅಂಚಿಗೆ ಕರೆದೊಯ್ದ. ಆಚೆ ಬದಿಯಲ್ಲಿ ಅವನ ನೂರು ಕರಿ ಕುದುರೆಗಳು ಮೇಯುತ್ತಿದ್ದವು. ಹೊತ್ತು ಮುಳುಗುವುದರೊಳಗೆ ಅವೆಲ್ಲ ಈಚೆ ಬರಬೇಕೆಂದ. ಮಾಳಿ ಸೆರಗನ್ನು ಸೊಂಟಕ್ಕೆ ಕಟ್ಟಿದಳು. ಎರಡು ಕಲ್ಲುಗಳನ್ನು ದೂರ ದೂರ ಇಟ್ಟು, ಅವುಗಳ ಮೇಲೆ ಪೊರಕೆಯನ್ನು ಅಡ್ಡಲಾಗಿ ಮಲಗಿಸಿದಳು. ಒಂದು ಇರುವೆ ಅದರ ಮೇಲೆ ಹರಿದು ಆಚೆ ಹೋಯಿತು. "ಕಟ್ಟು," ಎಂದಳು. ರಕ್ಕಸ ಇರುವೆಯನ್ನು ನೋಡಿದ, ಕಮರಿಯನ್ನು ನೋಡಿದ. ಜಡೆಗಳು ಆಚೆ ಬಂಡೆಯನ್ನು ಹಿಡಿದು ಒಂದರೊಳಗೊಂದು ಹೆಣೆದುಕೊಂಡವು. ನೂರು ಕುದುರೆಗಳೂ ಆ ಸೇತುವೆಯ ಮೇಲೆ ಟಪಟಪನೆ ನಡೆದುಬಂದವು.

ಎರಡನೆಯ ದಿನ ಪಾಶಾಂಗ ಕಂಚುಬಾಯಿ ಎಂಬ ಮಾಯಾಹುಲಿಯನ್ನು ಬಿಟ್ಟ. ಆನೆಯಷ್ಟು ದೊಡ್ಡ ಹುಲಿ. ಅದು ಗರ್ಜಿಸಿದರೆ ಹೆಂಚು ಉದುರುತ್ತಿದ್ದವು. ಹುಟ್ಟಿದಂದಿನಿಂದ ಕಣ್ಣು ಮುಚ್ಚಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಅದು ಮಲಗಬೇಕೆಂದ. ಹುಲಿ ಎಗರಿ ಬಂದು ಮಾಳಿಯ ತೋಳಿಗೆ ಉಗುರು ಹಾಕಿತು. ಅವಳು ಬಂಡೆಯ ಸಂದಿಗೆ ನುಸುಳಿ ಉಳಿದುಕೊಂಡಳು. ಅಲ್ಲಿಂದ ಹುಲಿಯ ಕಣ್ಣು ಹತ್ತಿರದಿಂದ ಕಂಡಿತು. ನಿದ್ದೆಗೆಟ್ಟ ಕೂಸಿನ ಕಣ್ಣಿನಂತೆ ಅದು ಕೆಂಪಾಗಿತ್ತು. ನೋವು ನುಂಗಿಕೊಂಡು ಮಾಳಿ ಸೊಂಟದ ಸೆರಗು ಬಿಚ್ಚಿದಳು. ಅದರೊಳಗೆ ಒಂದು ದುಂಡುಗಲ್ಲು ಮಲಗಿಸಿ, ಎರಡೂ ಬದಿ ಹಿಡಿದು ಮೆಲ್ಲಗೆ ತೂಗಿದಳು. "ಕಟ್ಟು," ಎಂದಳು.

ಅವಳಿಗೆ ಗಾಯವಾದದ್ದನ್ನು ರಕ್ಕಸ ಕಂಡಿದ್ದ. ಈ ಸಲ ತಡಮಾಡಲಿಲ್ಲ. ಎರಡು ಬೆಟ್ಟಗಳ ನಡುವೆ ಜಡೆಯ ತೊಟ್ಟಿಲು ಕಟ್ಟಿ, ಹುಲಿಯನ್ನು ಬೆಕ್ಕಿನ ಮರಿಯಂತೆ ಎತ್ತಿ ಅದರೊಳಗೆ ಹಾಕಿದ. ತೊಟ್ಟಿಲು ತೂಗಿತು. ಕಂಚುಬಾಯಿ ಮೊದಲು ಗುರುಗುಟ್ಟಿತು, ಆಮೇಲೆ ಆಕಳಿಸಿತು, ಆಮೇಲೆ ಮುಂಗಾಲಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯಿತು.

ಪಾಶಾಂಗನ ನಗು ನಿಂತುಹೋಯಿತು. ಮೂರನೆಯ ದಿನ ಅವನು ಮಂತ್ರ ಹಾಕಿ ಆಕಾಶವನ್ನು ಬೋಳು ಮಾಡಿದ. ಸುಣ್ಣ ಬಳಿದ ಗೋಡೆಯಂತೆ ಅದು ಬೆಳ್ಳಗಾಯಿತು. ಹೊತ್ತು ಮುಳುಗುವುದರೊಳಗೆ ಇಲ್ಲಿ ಮಳೆ ಬೀಳಬೇಕು ಎಂದ.

ಮಾಳಿ ಸೆರಗು ಕಟ್ಟಿ ನಿಂತಳು. ಏನು ಮಾಡಬೇಕೆಂದು ತೋಚಲಿಲ್ಲ. ಮಧ್ಯಾಹ್ನವಾಯಿತು. ಕೋಟೆಯ ಸುತ್ತ ಜನ ನೆರೆದಿದ್ದರು. ಹುಣಸೆ ಮರದಿಂದ ಅಪ್ಪ ತನ್ನತ್ತ ನೋಡುತ್ತಿರುವುದು ಅವಳಿಗೆ ಗೊತ್ತಿತ್ತು, ಆ ಕಡೆ ತಿರುಗುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿದ್ದ ಒಬ್ಬ ಮುದುಕಿ ಬರಿ ಆಕಾಶ ನೋಡಿ, ಮೋಡ ಕಟ್ಟಿದ್ದನ್ನು ಕಂಡು ಎಷ್ಟು ದಿನವಾಯಿತೋ ಎಂದು ನಿಟ್ಟುಸಿರಿಟ್ಟಳು.

ಆ ಮಾತು ಮಾಳಿಯ ಕಿವಿಗೆ ಬಿತ್ತು. ಮೋಡವನ್ನು ಯಾರೂ ಕಟ್ಟುವುದಿಲ್ಲ, ಅದು ತಾನೇ ಕಟ್ಟಿಕೊಳ್ಳುತ್ತದೆ. ಆದರೂ ಮಾತು ಅದೇ ತಾನೆ. ಅವಳು ಪೊರಕೆಹುಲ್ಲಿನ ತೆನೆಯ ನವಿರನ್ನು ಉದುರಿಸಿ ಗಾಳಿಗೆ ಬಿಟ್ಟಳು. ಅಲ್ಲಿಂದಷ್ಟು ಇಲ್ಲಿಂದಷ್ಟು ಬಾಚಿ ಉಂಡೆ ಮಾಡಿ, ತಲೆಯ ಮೇಲೆತ್ತಿ, "ಕಟ್ಟು," ಎಂದಳು. ರಕ್ಕಸನಿಗೆ ತಿಳಿಯಲಿಲ್ಲ. ಮತ್ತೊಮ್ಮೆ ತೋರಿಸಿದಳು. ತಿಳಿಯಲಿಲ್ಲ. ಮೂರನೆಯ ಸಲ ತೋರಿಸುವಾಗ ಅವಳ ದನಿ ಒಡೆಯಿತು.

ರಕ್ಕಸ ಎದ್ದು ನಿಂತ. ಜಡೆಗಳು ನಾಲ್ಕೂ ದಿಕ್ಕಿಗೆ ಹರಿದವು. ಒಂದು ಕಡಲ ಮೇಲಿನ ಹಬೆಯನ್ನು ತಂದಿತು, ಒಂದು ಕಾಡಿನ ಮಂಜನ್ನು ತಂದಿತು, ಇನ್ನೊಂದು ದೂರದ ಶಿಖರದ ಮೇಲೆ ಮಲಗಿದ್ದ ಬಿಳಿ ಮುಗಿಲನ್ನೇ ಎಳೆದು ತಂದಿತು. ಎಲ್ಲವನ್ನೂ ಒಟ್ಟುಗೂಡಿಸಿ ಅವನು ಮೋಡ ಕಟ್ಟಿದ. ಆಕಾಶ ಕಪ್ಪಾಯಿತು. ಮೊದಲ ಹನಿ ಮಾಳಿಯ ಹಣೆಯ ಮೇಲೆ ಬಿತ್ತು. ಆಮೇಲೆ ಸುರಿದ ಮಳೆಯಲ್ಲಿ ಯಾರ ಕಣ್ಣೀರು ಯಾವುದೆಂದು ತಿಳಿಯಲಿಲ್ಲ.

ಕೊಟ್ಟ ಮಾತು ನಡೆಸುವಂತೆ ಮಾಳಿ ಕೇಳಿದಳು. ಪಾಶಾಂಗ ನೆನೆದ ಗಡ್ಡ ಹಿಂಡುತ್ತ ಅವಳತ್ತ ಬೆರಳು ಚಾಚಿ, "ಕಟ್ಟು," ಎಂದು ಅಬ್ಬರಿಸಿದ.

ರಕ್ಕಸ ಮಾಳಿಯ ಕಡೆ ಬಾಗಿದ. ಒಂದು ಜಡೆ ಅವಳತ್ತ ಬಂತು. ಮಾಳಿ ಕಣ್ಣು ಮುಚ್ಚಿದಳು. ಆದರೆ ಕೈಕಾಲಿಗೆ ಯಾವ ಬಿಗಿಯೂ ಬರಲಿಲ್ಲ. ಮಳೆಗೆ ತೊಯ್ದು ಜಾರಿಬಿದ್ದಿದ್ದ ಅವಳ ಸೆರಗನ್ನು ಜಡೆ ಮೆಲ್ಲಗೆ ಎತ್ತಿ, ಸುತ್ತಿ, ಸೊಂಟಕ್ಕೆ ಕಟ್ಟಿತು. ಕೆಲಸಕ್ಕೆ ನಿಲ್ಲುವ ಮುನ್ನ ಅವಳು ಹಾಗೆ ಮಾಡುವುದನ್ನು ಅವನು ದಿನವೂ ನೋಡಿದ್ದ. ಒಡೆಯನ ಅಪ್ಪಣೆಯನ್ನು ಅವನು ಮೀರಲಿಲ್ಲ. ಹೇಗೆ ಕಟ್ಟಬೇಕೆಂಬುದನ್ನು ಮಾತ್ರ ತಾನೇ ಆರಿಸಿಕೊಂಡಿದ್ದ.

ಮಾಳಿ ಕಣ್ಣು ತೆರೆದಳು. ಹೆದರಿಕೆ ಹೋಗಿತ್ತು. ಪಾಶಾಂಗನ ಮುಂದೆ ನೆಟ್ಟಗೆ ನಿಂತು, ಅವನ ಮುಖಕ್ಕೇ ಬೆರಳು ತೋರಿಸಿ ಹೇಳಿದಳು:

"ಸಾಕು. ಇನ್ನು ನಮ್ಮ ಊರಿನಿಂದ ಗಂಟುಮೂಟೆ ಕಟ್ಟು."

ಅವಳು ಹೇಳಿದ್ದು ಪಾಶಾಂಗನಿಗೆ. ಕೊನೆಯ ಮಾತು ರಕ್ಕಸನಿಗೂ ಕೇಳಿಸಿತು. ಅವನು ಮಾಂತ್ರಿಕನನ್ನು ನೋಡಿದ. ಮಾಂತ್ರಿಕನ ಬೂದಿಚೀಲ, ಮಂತ್ರದಂಡ, ತಾಯಿತ, ಚಾಟಿ, ಎಲ್ಲವನ್ನೂ ನೋಡಿದ. ಇಷ್ಟನ್ನೂ ಮೂಟೆ ಮಾಡಲು ತಲೆಯಲ್ಲಿ ಉಳಿದಿದ್ದ ಜಡೆ ಸಾಲದು. ಅವನು ತಲೆ ಕೊಡವಿದ. ಕಳಚಿ ಬಿದ್ದಿದ್ದ ಜಡೆಗಳೆಲ್ಲ ಅವನಿಗೆ ಮರಳಿದವು. ದೊರೆಯ ಮೈಯಿಂದ ಬಿಟ್ಟುಬಂದವು, ಸೇನಾಪತಿಯ ಮೈಯಿಂದ ಬಿಟ್ಟುಬಂದವು. ಹುಣಸೆ ಮರದಿಂದ ದುಗ್ಗಪ್ಪ ಮಗಳ ತೋಳಿಗೇ ಬಂದು ಬಿದ್ದ. ತೊಟ್ಟಿಲಿನ ಜಡೆ ಕಂಚುಬಾಯಿಯನ್ನು ನಿದ್ದೆ ಕೆಡಿಸದೆ ನೆಲಕ್ಕಿಳಿಸಿ ಬಂತು. ಬೆಟ್ಟದ ಸಂದಿಯ ಗಂಟು ಬಿಚ್ಚಿತು. ಸುವ್ವಿ ಮಳೆನೀರನ್ನೂ ಕೂಡಿಕೊಂಡು ಮೊರೆಯುತ್ತ ಊರಿನ ಕಡೆ ಇಳಿಯಿತು.

ಪಾಶಾಂಗ ಇದ್ದ ಮಂತ್ರವನ್ನೆಲ್ಲ ಗೊಣಗಿದ. ಗೊಣಗುತ್ತಿರುವಾಗಲೇ ಮೂಟೆಯ ಬಾಯಿ ಮುಚ್ಚಿತು. ಜಡೆರಕ್ಕಸ ಆ ಮೂಟೆಯನ್ನು ಹೆಗಲಿಗೇರಿಸಿ ಏಳು ಕಡಲುಗಳನ್ನು ದಾಟಿ, ಹಕ್ಕಿಯೂ ಇಳಿಯದ ಒಂದು ನಡುಗಡ್ಡೆಯ ಮೇಲೆ ಇಟ್ಟ. ಮೂಟೆಯಿಂದ ಹೊರಬರಲು ಪಾಶಾಂಗನಿಗೆ ಹನ್ನೆರಡು ವರ್ಷ ಹಿಡಿಯಿತು. ಹೊರಬಂದಾಗ ಅವನಿಗೆ ಒಂದು ಮಂತ್ರವೂ ನೆನಪಿರಲಿಲ್ಲ.

ಇತ್ತ ತುಂಬೆಗಿರಿಯಲ್ಲಿ ಶಾಂತವರ್ಮ ದೊರೆ ಸಿಂಹಾಸನಕ್ಕೆ ಮರಳಿದ. ಮಾಳಿಯನ್ನು ತಾಯಿ ಎಂದು ಕರೆದು, ಏನು ಬೇಕೋ ಕೇಳು ಎಂದ. ಊರಿಗೆಲ್ಲ ಒಂದು ಹೊತ್ತಿನ ಊಟ ಹಾಕಿಸಬೇಕು, ರಕ್ಕಸನಿಗೂ ಪಂಕ್ತಿಯಲ್ಲಿ ಜಾಗವಿಡಬೇಕು ಎಂದು ಅವಳು ಕೇಳಿದಳು.

ರಕ್ಕಸ ಮರಳಿ ಬರುವ ಹೊತ್ತಿಗೆ ಹೊಳೆಯ ದಂಡೆಯ ಉದ್ದಕ್ಕೂ ಎಲೆ ಹಾಕಿತ್ತು. ಅವನಿಗಾಗಿ ನೂರು ಬಾಳೆಯೆಲೆ ಸೇರಿಸಿ ಹಾಸಿ, ಮೂರು ಕೊಪ್ಪರಿಗೆ ಅನ್ನ ಸುರಿದಿದ್ದರು. ಎಲ್ಲರೂ ಕಾಯುತ್ತಿದ್ದರು. ರಕ್ಕಸ ಅನ್ನವನ್ನು ನೋಡಿದ, ಮಾಳಿಯನ್ನು ನೋಡಿದ. ಅಪ್ಪಣೆ ಬರಲೆಂದು ಕಿವಿಗೊಟ್ಟು ಕುಳಿತ.

ದುಗ್ಗಪ್ಪ ತನ್ನ ಎಲೆಯ ಮುಂದಿನಿಂದ ಎದ್ದುಹೋಗಿ, ಅವನ ಮೊಣಕಾಲಿನ ಮೇಲೆ ಕೈಯಿಟ್ಟು, "ಉಣ್ಣಪ್ಪ," ಎಂದ.

ಅದು ರಕ್ಕಸ ಕಲಿತ ಎರಡನೆಯ ಮಾತು. ಅದನ್ನು ಕಲಿಸಲು ಚಾಟಿ ಬೇಕಾಗಲಿಲ್ಲ. ಅವನು ಉಂಡ, ಊರೆಲ್ಲ ಉಂಡಿತು. ಅಂದಿನಿಂದ ತುಂಬೆಗಿರಿಯಲ್ಲಿ ಹೊಳೆ ತುಂಬಿ ಹರಿಯಿತು, ಹೊಟ್ಟೆ ತುಂಬಿ ಜನ ನಕ್ಕರು, ಎಲ್ಲರೂ ತಣ್ಣಗೆ ಬಾಳಿದರು.