ಐದು ಮೂವತ್ತೆಂಟರ ಬ್ರೇಕು

ಆ ಶನಿವಾರ ಮಧ್ಯಾಹ್ನ ಸ್ಪೂರ್ತಿ ಬಂದು ಬಾಗಿಲಲ್ಲಿ ನಿಂತಾಗ ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದೆ. ಮನೆ ಹೇಮಲತಾ ಮೇಡಂ ಅವರದು, ರೊಟ್ಟಿ ನನ್ನದು. ನಾನು ಮಹಾನಂದಾ, ಬಾದಾಮಿ ಕಡೆಯವಳು. ಚಂದಾಪುರದ ಈ ಅಪಾರ್ಟ್‌ಮೆಂಟಿನ ಹದಿನೆಂಟು ಮನೆಗಳಿಗೆ ಜೋಳದ ರೊಟ್ಟಿ ಕೊಡುತ್ತೇನೆ, ಅವನ್ನು ಬಡಿಯುವುದು ಮೇಡಂ ಅಡುಗೆಮನೆಯಲ್ಲಿ. ಮೇಡಂ ಮೂವತ್ತು ವರ್ಷ ವಿಮೆಯ ಸರ್ವೇಯರ್ ಆಗಿದ್ದವರು. ಜಜ್ಜಿದ ಕಾರುಗಳನ್ನೂ ಅವುಗಳ ಪಕ್ಕದಲ್ಲಿ ನಿಂತು ಸುಳ್ಳು ಹೇಳುವ ಮಾಲೀಕರನ್ನೂ ನೋಡಿ ನೋಡಿ ನಿವೃತ್ತರಾದರು. ಈಗ ಇಲ್ಲಿ ಯಾರದೇನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಈ ಬಾಗಿಲನ್ನೇ ತಟ್ಟುತ್ತಾರೆ.

"ಆಂಟಿ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅಮರೇಶ್ ಅಂಕಲ್ ನನ್ನ ಹೆಸರನ್ನ ಸ್ಟೇಷನ್‌ಗೆ ಕೊಡ್ತಾರಂತೆ," ಅಂದಳು ಸ್ಪೂರ್ತಿ. ಅತ್ತು ಮುಗಿಸಿ ಬಂದವಳ ದನಿ ಅದು. "ನಾನು ಬಸಕ್ಕನಿಗೆ ಗುದ್ದಿಲ್ಲ. ಆದ್ರೆ ನನ್ನ ಫೋನೇ ಗುದ್ದಿದೀನಿ ಅಂತಿದೆ."

ಬಸಕ್ಕ ನಮ್ಮೂರ ಕಡೆಯವಳೇ, ಇಲ್ಲಿ ಕಸ ಗುಡಿಸುತ್ತಾಳೆ. ಬುಧವಾರ ನಸುಕಿನಲ್ಲಿ ಅವಳು ಕಸದ ಡ್ರಮ್ಮು ತಳ್ಳಿಕೊಂಡು ಬೇಸ್‌ಮೆಂಟಿನ ಇಳಿಜಾರು ಹತ್ತುತ್ತಿದ್ದಳು. ಹಿಂದಿನಿಂದ ಬಂದ ಕಾರೊಂದು ಅವಳನ್ನು ಕೆಡವಿ ನಿಲ್ಲದೆ ಹೋಯಿತು. ಸೊಂಟದ ಮೂಳೆ ಮುರಿಯಿತು. "ಬೆಳಕು ಬಂತು, ಬಿದ್ದೆ" ಎಂಬುದಷ್ಟೇ ಅವಳಿಗೆ ನೆನಪು. ಇಳಿಜಾರಿನ ಕ್ಯಾಮೆರಾ ಎರಡು ತಿಂಗಳಿಂದ ಕೆಟ್ಟಿತ್ತು.

ಮೇಡಂ ನನ್ನ ಕಡೆ ತಿರುಗಿದರು. "ನಿನ್ನೆ ಮೀಟಿಂಗಲ್ಲಿ ನೀನಿದ್ದೆ ಅಲ್ವಾ? ಯಾರ್ಯಾರು ಏನೇನಂದ್ರು, ಅವರಂದ ಹಾಗೇ ಹೇಳು."

ಜನ ಆಡಿದ ಮಾತು ನನಗೆ ಮರೆಯುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಉಳಿದದ್ದನ್ನೆಲ್ಲ ಕಿವಿಯಿಂದಲೇ ಕಲಿತವಳು ನಾನು. ಹಿಟ್ಟಿನ ಕೈ ತೊಳೆದುಕೊಂಡು ಶುರು ಮಾಡಿದೆ.

ಶುಕ್ರವಾರ ಸಂಜೆ ಸಂಘದ ಕಾರ್ಯದರ್ಶಿ ಅಮರೇಶ್ ಎಲ್ಲರನ್ನೂ ಕರೆಸಿದ್ದರು. ಬಾಯಿ ತೆರೆದದ್ದೇ ಸ್ಪೂರ್ತಿಯ ಮೇಲೆ. "ಇಪ್ಪತ್ತೆರಡು ವರ್ಷದ ಮಕ್ಕಳಿಗೆ ಕಾರ್ ಕೊಡಿಸಿದ್ರೆ ಇನ್ನೇನ್ರೀ ಆಗುತ್ತೆ? ಇನ್ಶೂರೆನ್ಸ್ ಕಂಪನಿಯವರೇನು ದಡ್ಡರಾ, ಇವರಿಗೆಲ್ಲ ಡಬಲ್ ಹಾಕೋದಕ್ಕೆ? ನನ್ನ ನೋಡಿ. ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ, ಒಂದು ಕ್ಲೇಮ್ ಇಲ್ಲ."

"ಅಂಕಲ್, ನಾನು ಏಳು ಗಂಟೆವರೆಗೂ ಮಲಗಿದ್ದೆ. ಕಾರ್ ಕೆಳಗೇ ಇತ್ತು," ಅಂದಿದ್ದಳು ಸ್ಪೂರ್ತಿ.

"ಬಾಯಲ್ಲಿ ಹೇಳೋದು ಬೇಡಮ್ಮ. ನಿನ್ನ ಕಾರಲ್ಲಿ ಆ ಬಾಕ್ಸ್ ಇದೆಯಲ್ಲ, ಅದರದ್ದು ತೆಗೆದು ತೋರ್ಸು. ತಪ್ಪು ಮಾಡಿಲ್ಲ ಅಂದ್ಮೇಲೆ ಭಯ ಯಾಕೆ?"

ಆಗ ಅವಳಪ್ಪ ಪಂಚಾಕ್ಷರಿ ಎದ್ದು ನಿಂತು, "ಸ್ಪೂರ್ತಿ, ಬೇಡ. ಮನೆಗೆ ನಡಿ," ಅಂದರು. ಹುಡುಗಿ ಕೇಳಲಿಲ್ಲ. ತಾನೂ ನೋಡದೆ ಫೋನನ್ನು ಎಲ್ಲರ ಮುಂದೆ ಹಿಡಿದಳು. ಬುಧವಾರ, ಐದು ಮೂವತ್ತೆಂಟು, ಜೋರು ಬ್ರೇಕು. ಕೆಂಪಕ್ಷರದಲ್ಲಿತ್ತು. ಹಿಂದೆ ಯಾರೋ "ಥೂ, ಹೆಣ್ಣು ಮಗಳಾಗಿ" ಅಂದರು. ಇನ್ನೊಬ್ಬರು ಅವಳ ಪಾರ್ಕಿಂಗ್ ಸ್ಟಿಕ್ಕರ್ ಕಿತ್ತುಹಾಕಿ ಅಂದರು.

"ಏನದು ಬಾಕ್ಸ್ ಅಂದ್ರ?" ಎಂದು ಈಗ ಸ್ಪೂರ್ತಿಯನ್ನೇ ಕೇಳಿದೆ.

ಅವಳು ಹೇಳಿದಳು. ಕಾರು ಅವಳ ಹೆಸರಿನಲ್ಲಿ, ಅವಳದೇ ಸಂಬಳದ ಕಂತಿನಲ್ಲಿ ಕೊಂಡದ್ದು. ವಿಮೆ ಕೇಳಲು ಹೋದರೆ ವಯಸ್ಸು ಚಿಕ್ಕದು, ಲೈಸೆನ್ಸು ಹೊಸದು ಎಂದು ಆ ಕಂಪನಿ ವಯಸ್ಸಾದವರು ಕಟ್ಟುವುದರ ಎರಡರಷ್ಟು ಕೇಳಿತು. ಜೊತೆಗೊಂದು ಆಸೆಯನ್ನೂ ತೋರಿಸಿತು. ಬೆಂಕಿಪೊಟ್ಟಣದಷ್ಟು ಬಾಕ್ಸನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿಕೊಳ್ಳಬೇಕು. ಅದು ವೇಗ, ಬ್ರೇಕು, ದೂರ, ಹೊತ್ತು ಎಲ್ಲ ಬರೆದುಕೊಂಡು ಫೋನಿಗೆ ಕಳಿಸುತ್ತದೆ, ಹೋದ ಜಾಗ ಮಾತ್ರ ಬರೆಯುವುದಿಲ್ಲ. ಓಡಿಸಿದ್ದಕ್ಕೆ ಮಾರ್ಕ್ಸ್ ಕೊಟ್ಟು, ಮೆಲ್ಲಗೆ ಓಡಿಸಿದವರಿಗೆ ಮುಂದಿನ ವರ್ಷ ವಿಮೆಯ ದುಡ್ಡು ಅರ್ಧ ಇಳಿಸುತ್ತಾರೆ.

"ಹೊಸೂರು ರೋಡಲ್ಲಿ ಬ್ರೇಕ್ ಹಾಕದೆ ಓಡ್ಸೋಕಾಗುತ್ತಾ ಆಂಟಿ? ಮೊದಲ ವಾರಾನೇ ಮಾರ್ಕ್ಸ್ ಬಿದ್ದೋಯ್ತು. ಅಪ್ಪ ದಿನಾ ಬೈಯೋರು. ಆಮೇಲೆ ಯಾಕೋ ಸರಿಹೋಯ್ತು, ನಾನೂ ನೋಡೋದು ಬಿಟ್ಟೆ."

ಮೇಡಂ ಕನ್ನಡಕ ಏರಿಸಿಕೊಂಡು ಫೋನನ್ನು ಮೇಲಿನಿಂದ ಕೆಳಗಿನವರೆಗೆ ಸರಿಸಿದರು. ಹೆಗಲ ಮೇಲಿನಿಂದ ನಾನೂ ಇಣುಕಿದೆ. ಬೆಳಿಗ್ಗೆ ಐದೂವರೆಗೆ ಮೂರು ಕಿಲೋಮೀಟರ್, ಏಳಕ್ಕೆ ಮತ್ತೆ ಮೂರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಸೋಮವಾರ ಬಂದರೆ ಮಾತ್ರ ಹನ್ನೊಂದು. ಬುಧವಾರದ ಸಾಲಿನಲ್ಲೂ ಆ ಬ್ರೇಕಿನ ನಂತರ ಐದು ನಲವತ್ತಾರಕ್ಕೆ ಕಾರು ನಿಂತು, ಆರು ಐವತ್ತೆರಡಕ್ಕೆ ಮತ್ತೆ ಹೊರಟಿತ್ತು.

"ನಿನ್ನ ಆಫೀಸು ಎಲ್ಲಿ?"

"ಬೆಳ್ಳಂದೂರು. ಇಪ್ಪತ್ತು ಕಿಲೋಮೀಟರ್ ಮೇಲಿದೆ. ಮಂಗಳವಾರ, ಗುರುವಾರ, ಶುಕ್ರವಾರ ಕಾರಲ್ಲೇ ಹೋಗ್ತೀನಿ."

"ಕಾರಿನ ಇನ್ನೊಂದು ಕೀ?"

"ಅಪ್ಪನ ಹತ್ರ. ಭಾನುವಾರ ಅವರೇ ಒಳಗೆಲ್ಲ ಒರೆಸ್ತಾರೆ."

ಮೇಡಂ ಫೋನು ವಾಪಸ್ ಕೊಟ್ಟರು. "ಸಂಜೆ ಆರಕ್ಕೆ ಕ್ಲಬ್‌ಹೌಸಿಗೆ ಬಾ. ಅಲ್ಲೀವರೆಗೂ ಯಾರ ಹತ್ರಾನೂ ಜಗಳ ಆಡ್ಬೇಡ."

ಅವಳು ಹೋದ ಮೇಲೆ ಇಬ್ಬರೂ ಬೇಸ್‌ಮೆಂಟಿಗೆ ಇಳಿದೆವು. ಬಸಕ್ಕನನ್ನು ಮೊದಲು ಕಂಡವನು ಕಾಡಪ್ಪ, ಐವತ್ತು ದಾಟಿದ ಆನೇಕಲ್ ಕಡೆಯ ಆಳು, ಕಾರು ತೊಳೆಯುವವನು. ಮೇಡಂ ಕೇಳಿದ್ದು ಒಂದೇ: ಅವತ್ತು ಏನಾಯಿತು, ಒಂದೂ ಬಿಡದೆ ಹೇಳು.

"ಆರ್ ಗಂಟೆಗ್ ಬಂದೆ ಮೇಡಂ. ಯಮ್ಮ ಇತ್ಲಾಗ್ ಬಿದ್ದಿತ್ತು, ಡ್ರಮ್ಮು ಅತ್ಲಾಗೆ, ಮೇಲಕ್ ಹತ್ತೋರ್ಗೆ ಎಡಗಡೆ. ನೀರ್ ಕುಡಿಸಾನ ಅಂತ ನಲ್ಲಿತಾವ ಓಡ್ದೆ. ನಲ್ಲಿ ಈ ಸ್ಪೂರ್ತಿ ಮೇಡಂ ಕಾರ್ ಹಿಂದ್ಗಡೆ ಐತಲ್ಲ, ಕಾರ್ಗೂ ಗೋಡೆಗೂ ಸಂದೀಲಿ ತೂರ್ಕಂಡೋಗ್ಬೇಕು. ಇಂಗೆ ತೂರೋವಾಗ ಅಂಗಿ ಗುಂಡಿ ಕಿತ್ತೋಯ್ತು ನೋಡಿ." ಗುಂಡಿಯಿಲ್ಲದ ಅಂಗಿಯನ್ನೂ ತೋರಿಸಿದ.

"ಪೊಲೀಸ್ರಿಗೆ ಇದನ್ನೆಲ್ಲ ಹೇಳಿದ್ಯಾ?"

"ಗುಂಡಿ ವಿಚಾರ ಯಾರ್ ಕೇಳ್ತಾರೆ ಮೇಡಂ?"

ಮೇಡಂ ಸಾಲಿನಲ್ಲಿದ್ದ ಕಾರುಗಳ ಮುಖಗಳನ್ನು ನೋಡುತ್ತ ನಡೆದರು. ಸ್ಪೂರ್ತಿಯ ಕಾರಿಗೆ ಒಂದು ಗೀರೂ ಇರಲಿಲ್ಲ. ಅಮರೇಶ್ ಅವರ ಹಳೆ ಬಿಳಿ ಕಾರಿನ ಮುಂದೆ ನನಗೆ ನಗು ಬಂತು. ಬಲಗಡೆಯ ದೀಪ ವಯಸ್ಸಾಗಿ ಹಳದಿ ತಿರುಗಿದೆ, ಎಡಗಡೆಯದು ಫಳಫಳ ಅನ್ನುತ್ತಿದೆ.

"ನೋಡ್ರೀ ಮೇಡಂ, ಒಂದ ಕಣ್ಣಿನ ಪೊರಿ ತಗಿಸಿದ ಮುದುಕಿ ಕಂಡಂಗ ಕಾಣ್ತೈತಿ," ಅಂದೆ.

ಮೇಡಂ ನಗಲಿಲ್ಲ.

ಮೆಟ್ಟಿಲು ಹತ್ತುವಾಗ ನನ್ನ ಅನುಮಾನವನ್ನು ಹೇಳಿಬಿಟ್ಟೆ. "ನಂಗ ಅಪ್ಪನ ಮ್ಯಾಲ ಸಂಶಯ ರೀ. ಮಗಳು ಫೋನ್ ತಗಿಯೂ ಮೊದಲ ಬ್ಯಾಡ ಅಂದ್ರಲ್ಲ."

"ಬುಧವಾರ ಬೆಳಿಗ್ಗೆ ಪಂಚಾಕ್ಷರಿ ಮನೇಲಿದ್ರಾ?"

ಯೋಚಿಸಿದೆ. ಮಂಗಳವಾರ ಅವರ ಹೆಂಡತಿ ಕಮಲಮ್ಮ ನಾಲ್ಕು ರೊಟ್ಟಿ ಕಡಿಮೆ ಮಾಡು ಅಂದಿದ್ದರು. ಯಜಮಾನರು ದಾವಣಗೆರೆಗೆ ಹೋಗಿದ್ದರು, ಬಂದದ್ದು ಬುಧವಾರ ಮಧ್ಯಾಹ್ನ. ನನ್ನ ಅನುಮಾನ ಅಲ್ಲೇ ಮೆಟ್ಟಿಲ ಮೇಲೆ ಬಿತ್ತು.

"ಸರಿ, ಇನ್ನೊಂದು ಹೇಳು. ಸೋಮವಾರ ನಿನ್ನ ಹತ್ರ ರೊಟ್ಟಿ ಬೇಡ ಅನ್ನೋ ಮನೆ ಯಾವ್ಯಾವು?"

"ಎರಡ ಮನಿ ರೀ. ಪಂಚಾಕ್ಷರಿ ಅವರದು, ಅಮರೇಶ್ ಅವರದು. ಸೋಮವಾರ ಒಪ್ಪತ್ತು ಹಿಡೀತಾರ. ಅಮರೇಶ್ ಸರ್ ಅವತ್ತು ನಸುಕಿನ್ಯಾಗ ದೂರದ ಈಶ್ವರನ ಗುಡಿಗೆ ಹೋಗ್ತಾರಂತ ಅವರ ಮನಿಯವರು ಸೌಮ್ಯಕ್ಕ ಹೇಳ್ತಿರ್ತಾರ. ಉಳಿದ ದಿನ ಹೆಬ್ಬಗೋಡಿಯಾಗ ಶಟಲ್ ಆಟ."

ಮೇಡಂ ನನ್ನ ಭುಜ ತಟ್ಟಿದರು. ಆಮೇಲೆ ಯಾರಿಗೋ ಫೋನು ಮಾಡಲು ಬಾಲ್ಕನಿಗೆ ಹೋದರು.

ಆರು ಗಂಟೆಗೆ ಕ್ಲಬ್‌ಹೌಸಿನ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ತುಂಬಿದವು. ಹಿಂದಿನ ಸಾಲಿನಲ್ಲಿ ಮೇಡಂ ಕರೆಸಿದ್ದ ಸಬ್ ಇನ್‌ಸ್ಪೆಕ್ಟರ್ ಈರೇಶ್ ಮಫ್ತಿಯಲ್ಲಿ ಕೂತಿದ್ದರು. ಸ್ಪೂರ್ತಿಯ ಪಕ್ಕದ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ನಾನು ಹೋಗಿ ಕೂತೆ.

"ಬೇಗ ಮುಗ್ಸಿ ಮೇಡಂ," ಅಂದರು ಅಮರೇಶ್. "ರಿಟೈರ್ ಆದೋರಿಗೆ ಹೊತ್ತು ಹೋಗ್ಬೇಕು, ನಮಗೆ ಕೆಲಸ ಇದೆ."

"ಬೇಗ ಮುಗಿಸ್ತೀನಿ. ನಿನ್ನೆ ನೀವೆಲ್ಲ ಈ ಹುಡುಗಿ ಫೋನಲ್ಲಿ ಒಂದೇ ಸಾಲು ಓದಿದ್ರಿ. ನಾನು ಪೂರ್ತಿ ಓದಿದೆ. ಬುಧವಾರ ಐದು ಮೂವತ್ತೆಂಟಕ್ಕೆ ಬ್ರೇಕು ಬಿತ್ತು, ಸರಿ. ಅದರ ಕೆಳಗಿನ ಸಾಲು ಏನನ್ನುತ್ತೆ? ಕಾರು ಮೂರು ಕಿಲೋಮೀಟರ್ ಹೋಗಿ ನಿಂತು, ವಾಪಸ್ ಹೊರಟಿದ್ದು ಆರು ಐವತ್ತೆರಡಕ್ಕೆ. ಕಾಡಪ್ಪ, ಆರು ಗಂಟೆಗೆ ನಿನ್ನ ಗುಂಡಿ ಕಿತ್ತಿದ್ದು ಯಾವ ಕಾರಿನ ಸಂದೀಲಿ?"

"ಈ ಮೇಡಂ ಕಾರ್ದೇಯ."

"ಅಂದ್ರೆ ಬಾಕ್ಸು ಮೂರು ಕಿಲೋಮೀಟರ್ ದೂರದಲ್ಲಿದ್ದಾಗ ಸ್ಪೂರ್ತಿ ಕಾರು ಇಲ್ಲೇ ಕೆಳಗಿತ್ತು. ಬಾಕ್ಸು ಆ ಕಾರಲ್ಲಿ ಇರ್ಲಿಲ್ಲ."

ಗುಸುಗುಸು ಎದ್ದಿತು. ಮೇಡಂ ದನಿ ಏರಿಸಲಿಲ್ಲ. "ಇದು ಒಂದಿನದ ಮಾತಲ್ಲ. ಮೊದಲ ಒಂಬತ್ತು ದಿನ ಬಾಕ್ಸು ಇಪ್ಪತ್ತೊಂದು ಕಿಲೋಮೀಟರ್ ಬರ್ಕೊಂಡಿದೆ, ಬೆಳ್ಳಂದೂರಿನ ದಾರಿ, ಬರೀ ಬ್ರೇಕು. ಹತ್ತನೇ ದಿನದಿಂದ ಅಂಥ ಸಾಲು ಒಂದೂ ಇಲ್ಲ. ಮೂರು ತಿಂಗಳು ಈ ಹುಡುಗಿ ಆಫೀಸಿಗೇ ಹೋಗಿಲ್ವಾ? ಈ ಗುರುವಾರ ಮತ್ತೆ ಇಪ್ಪತ್ತೊಂದು ಶುರು. ಬುಧವಾರ ರಾತ್ರಿಗೆ ಬಾಕ್ಸು ತನ್ನ ಕಾರಿಗೆ ವಾಪಸ್ ಬಂದಿದೆ."

"ಅವಳೇ ತೆಗೆದು ಯಾರಿಗೋ ಕೊಟ್ಟಿರ್ತಾಳೆ," ಅಂದರು ಅಮರೇಶ್. "ಈ ವಯಸ್ಸಿನವರ ಬುದ್ಧಿ ಗೊತ್ತಿಲ್ವಾ?"

"ಅವಳಿಗೆ ಗೊತ್ತಿದ್ರೆ ನಿನ್ನೆ ತಾನೂ ನೋಡದೆ ನಿಮ್ಮ ಮುಂದೆ ಫೋನ್ ಹಿಡೀತಿದ್ಲಾ? ಗೊತ್ತಿದ್ದಿದ್ದು ಬೇಡ ಅಂದವರಿಗೆ, ಕಾರಿನ ಇನ್ನೊಂದು ಕೀ ಇಟ್ಕೊಂಡವರಿಗೆ. ಮಗಳ ಮಾರ್ಕ್ಸು ಏರ್ಲಿ ಅಂತ ಬಾಕ್ಸನ್ನ ಮೆಲ್ಲಗೆ ಓಡಿಸೋ ಯಾರದ್ದೋ ಕಾರಿಗೆ ಸಿಕ್ಕಿಸಿದ್ರು. ನನ್ನ ಕೆಲಸದಲ್ಲಿ ಇಂಥ ಅಪ್ಪಂದಿರನ್ನ ಬೇಕಾದಷ್ಟು ನೋಡಿದೀನಿ."

ಎಲ್ಲರೂ ಪಂಚಾಕ್ಷರಿ ಕಡೆ ತಿರುಗಿದರು.

"ಇನ್ನು ಯಾರ ಕಾರು? ದಿನಾ ಐದೂವರೆಗೆ ಮೂರು ಕಿಲೋಮೀಟರ್ ಹೋಗಿ ಒಂದು ಗಂಟೆ ಇದ್ದು ಬರೋವರು. ಸೋಮವಾರ ಮಾತ್ರ ಹನ್ನೊಂದು. ಮಹಾನಂದಾ ಸೋಮವಾರ ಎರಡು ಮನೆಗೆ ರೊಟ್ಟಿ ಕೊಡಲ್ಲ. ಒಂದು ಮನೆ ಯಜಮಾನರು ಬುಧವಾರ ದಾವಣಗೆರೆಯಲ್ಲಿದ್ರು. ಇನ್ನೊಂದು ಮನೆಯವರು ದಿನಾ ಹೆಬ್ಬಗೋಡಿಯಲ್ಲಿ ಶಟಲ್ ಆಡ್ತಾರೆ, ಸೋಮವಾರ ಗುಡಿಗೆ ಹೋಗ್ತಾರೆ."

ಅಮರೇಶ್ ಎದ್ದರು. "ಏನ್ ಮಾತಾಡ್ತಿದೀರ? ರೊಟ್ಟಿಯವಳ ಮಾತು ಸಾಕ್ಷಿನಾ?"

"ರೊಟ್ಟಿಯವಳ ಕಿವಿ ಬಹಳ ಚುರುಕು. ನಿನ್ನೆ ನೀವು 'ನಿನ್ನ ಕಾರಲ್ಲಿ ಆ ಬಾಕ್ಸ್ ಇದೆಯಲ್ಲ' ಅಂದ್ರಂತೆ. ಬಾಕ್ಸಿನ ವಿಚಾರ ನಿಮಗೆ ಹೇಳಿದ್ಯಾರು? ಸ್ಪೂರ್ತಿ, ನೀನು ಹೇಳಿದ್ಯಾ?"

"ಇಲ್ಲ ಆಂಟಿ. ಮನೇಲಿ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ಕೊನೇದು ನನ್ನ ಕಸುಬಿನ ಮಾತು. ಹಳೇ ಕಾರಿನ ಎರಡು ದೀಪಕ್ಕೂ ಒಟ್ಟಿಗೇ ವಯಸ್ಸಾಗುತ್ತೆ. ನಿಮ್ಮದರಲ್ಲಿ ಎಡಗಡೆಯದು ಹೊಸದು. ಡ್ರಮ್ಮು ಬಡಿದಿರೋದು ಎಡಕ್ಕೆ. ವಿಮೆ ಕೇಳಿದ್ರೆ ಕಾಗದ ಉಳಿಯುತ್ತೆ, ಇಪ್ಪತ್ತು ವರ್ಷದ ಜಂಬಾನೂ ಹೋಗುತ್ತೆ. ಅದಕ್ಕೇ ಕೈಯಿಂದ ಕೊಟ್ಟು ಹಾಕಿಸಿದ್ರಿ. ಇಲ್ಲಿನ ಗ್ಯಾರೇಜಿನವರೆಲ್ಲ ನನಗೆ ಪರಿಚಯ. ಗುರುವಾರ ದೀಪ ಹಾಕಿದವನು ಒಡೆದ ದೀಪವನ್ನ ಇನ್ನೂ ಎಸೆದಿಲ್ಲ, ಇನ್‌ಸ್ಪೆಕ್ಟರ್ ಬರೋವಾಗ ತಂದಿದಾರೆ." ಈರೇಶ್ ಕಾಲ ಬಳಿಯಿದ್ದ ಗೋಣಿಚೀಲವನ್ನು ಮುಂದೆ ಸರಿಸಿದರು. "ಪಂಚಾಕ್ಷರಿ ಅವರೇ, ಬಾಕ್ಸು ಯಾರ ಕಾರಲ್ಲಿತ್ತು ಅಂತ ಹೇಳಬೇಕಾದವರು ನೀವೊಬ್ರೇ. ಈಗ ಹೇಳ್ತೀರೋ, ನಾಳೆ ಮಗಳ ಜೊತೆ ಸ್ಟೇಷನ್‌ಗೆ ಹೋಗ್ತೀರೋ?"

ಪಂಚಾಕ್ಷರಿ ನಿಂತರು. "ಇವರ ಕಾರಲ್ಲೇ. ಬುಧವಾರ ಸಂಜೆ ಇವರೇ ತಂದುಕೊಟ್ರು. 'ಪಾಲಿಸಿ ನಿನ್ನ ಮಗಳ ಹೆಸರಲ್ಲಿದೆ, ಬಾಯಿ ಬಿಟ್ರೆ ಕಂಪನಿಗೆ ಮೋಸ ಮಾಡಿದ ಕೇಸು ಅವಳ ಮೇಲೇ ಬೀಳುತ್ತೆ, ಇದಾದ್ರೆ ಬರೀ ಆಕ್ಸಿಡೆಂಟು, ದಂಡದಲ್ಲಿ ಮುಗಿದುಹೋಗುತ್ತೆ' ಅಂದ್ರು."

"ನೀನೇ ಕಾಲು ಹಿಡ್ದು ಕೊಟ್ಟಿದ್ದಲ್ವೇನಯ್ಯ ಬಾಕ್ಸು?" ಅಂದುಬಿಟ್ಟರು ಅಮರೇಶ್. ಅಂದ ಮೇಲೆ ಏನಂದೆ ಎಂದು ಅವರಿಗೇ ತಿಳಿಯಿತು.

"ಗುದ್ದಿ, ಹೋಗಿ ಶಟಲ್ ಆಡಿದ್ರಾ?" ಮೇಡಂ ದನಿಯಲ್ಲಿ ಮೊದಲ ಸಲ ಸಿಟ್ಟು ಕೇಳಿಸಿತು. "ಒಂದು ಗಂಟೆ ಆರು ನಿಮಿಷ. ಅದೂ ಬರೆದಿದೆ."

ಈರೇಶ್ ಎದ್ದು ಬಂದು ಅಮರೇಶ್ ಅವರ ಕಾರಿನ ಕೀ ಕೇಳಿ ಇಸಿದುಕೊಂಡರು. ಯಾವ ಕಾರೆಂದು ಗೊತ್ತಾದ್ದರಿಂದ ಬಸಕ್ಕನ ಪರಿಹಾರ ಇನ್ನು ಆ ಕಾರಿನ ವಿಮೆಯಿಂದಲೇ ಬರಬೇಕೆಂದು ಮೇಡಂ ನನಗೆ ಹೇಳಿದರು. ನಿನ್ನೆ ಸ್ಟಿಕ್ಕರ್ ಕೀಳಿಸಲು ಹೊರಟವರು ಸ್ಪೂರ್ತಿಯ ಹತ್ತಿರ ಬಂದು, "ನಮಗೆ ಮೊದ್ಲೇ ಅನ್ನಿಸಿತ್ತಮ್ಮ," ಅಂದರು. ಅವಳು ಅವರ ಮುಖ ನೋಡಲಿಲ್ಲ. ನೋಡಿದ್ದು ಅಪ್ಪನನ್ನು.

"ನಾನು ಮಾಡಿಲ್ಲ ಅಂತ ನಿಮಗೆ ಗೊತ್ತಿತ್ತು."

"ನಿನ್ನ ಒಳ್ಳೇದಕ್ಕೇ ಕಣಮ್ಮ. ಅಷ್ಟೊಂದು ಪ್ರೀಮಿಯಂ..."

"ಒಳ್ಳೇದೋ ಕೆಟ್ಟದ್ದೋ, ನಾನು ಹಾಕಿದ ಬ್ರೇಕೆಲ್ಲ ನಂದೇ ಆಗಿತ್ತಪ್ಪ. ಅದನ್ನೂ ಕಿತ್ಕೊಂಡ್ರಿ. ನಡೆದದ್ದನ್ನೆಲ್ಲ ಕಂಪನಿಗೆ ನೀವೇ ಬರೀರಿ, ನಿಮ್ಮ ಹೆಸರಲ್ಲಿ."

ಅವರು ಬರೆದರು. ಕಂಪನಿ ಮೂರು ತಿಂಗಳ ಮಾರ್ಕ್ಸನ್ನೆಲ್ಲ ಅಳಿಸಿಹಾಕಿತು, ಮುಂದಿನ ವರ್ಷ ಒಂದು ಪೈಸೆಯೂ ಇಳಿಯುವುದಿಲ್ಲ ಎಂದಿತು. ಕಟ್ಟುತ್ತೇನೆ ಎಂದಳು ಸ್ಪೂರ್ತಿ. ಅಪ್ಪ ಕೊಡಲು ಬಂದ ದುಡ್ಡು ಮುಟ್ಟಲಿಲ್ಲ. ಆ ಮನೆಯಲ್ಲಿ ಅಪ್ಪ ಮಗಳ ಮಾತು ಈಗಲೂ ಕಮಲಮ್ಮನ ಮೂಲಕವೇ ನಡೆಯುತ್ತದೆ.

ಬಸಕ್ಕನನ್ನು ಆಸ್ಪತ್ರೆಯಿಂದ ಕರೆತಂದದ್ದು ಸ್ಪೂರ್ತಿಯೇ. ನಾನು ಹಿಂದಿನ ಸೀಟಿನಲ್ಲಿ ಬಸಕ್ಕನ ಕಾಲು ಹಿಡಿದು ಕೂತಿದ್ದೆ. ಹೊಸೂರು ರೋಡಿನಲ್ಲಿ ಒಂದು ಟೆಂಪೋ ಅಡ್ಡ ಬಂತು, ಆಮೇಲೆ ಒಂದು ಆಟೋ, ಆಮೇಲೆ ಒಂದು ನಾಯಿ. ಒಂದೊಂದು ಬ್ರೇಕಿಗೂ ಸ್ಟಿಯರಿಂಗ್ ಕೆಳಗಿನಿಂದ, ಕಂಪನಿ ಹೊಸದಾಗಿ ಕೊಟ್ಟ ಬಾಕ್ಸಿನಿಂದ, ಕುಂಯ್ ಎಂದು ಸದ್ದು.

"ಏನವ್ವಾ ಅದು, ಆಗಿಂದ ಚೀರಾಕತ್ತೈತಿ?" ಅಂದಳು ಬಸಕ್ಕ.

"ಅದಾ ಅಕ್ಕ," ಅಂದಳು ಸ್ಪೂರ್ತಿ, ನಾಯಿ ದಾಟುವವರೆಗೂ ಕಾಯುತ್ತ. "ನನಗಿನ್ನೂ ವಯಸ್ಸಾಗಿಲ್ಲ ಅಂತ ಬರ್ಕೊಳ್ತಿದೆ."